ಗೋಡೆಯ ಮೇಲಿನ ಹೊಣೆಗಾರ

ನಮ್ಮ ಬೀದಿಯಲ್ಲಿ ಗೋಡೆ ಏರಿದವರೆಲ್ಲ ಫ್ರೇಮಣ್ಣನ ಕೈ ದಾಟಿಯೇ ಏರಿದವರು. ಮದುವೆಯಾದವರು, ನಿವೃತ್ತರಾದವರು, ಓಟದಲ್ಲಿ ಸಮಾಧಾನಕರ ಬಹುಮಾನ ಪಡೆದವರು, ತೀರಿಕೊಂಡವರು, ಎಲ್ಲರಿಗೂ ಅಳತೆ ನೋಡಿ ಪಟ್ಟಿ ಕೊಯ್ದು, ಗಾಜು ಕೂರಿಸಿ, ಹಿಂದೆ ರಟ್ಟು ಬಡಿದು, ಮೇಲೊಂದು ಕೊಂಡಿ ಹಾಕಿ ಕಳಿಸುವವನು ಅವನೇ. ಅವನ ಅಂಗಡಿಗೆ ಅಂಟಿಕೊಂಡೇ ನನ್ನ ಬೀಗ ರಿಪೇರಿ ಅಂಗಡಿ ಇರುವುದರಿಂದ ಅವನ ಮನಸ್ಸಿನ ಕೊರಗು ನನಗೆ ಬಾಯಿಪಾಠ. ಊರಿನ ಅರ್ಧ ಜನರನ್ನು ಗೋಡೆಗೇರಿಸಿದ ಮನುಷ್ಯ ತಾನು ಮಾತ್ರ ಯಾವ ಗೋಡೆಯನ್ನೂ ಏರಿರಲಿಲ್ಲ. ಅವನ ಸ್ವಂತ ಮದುವೆಯ ಫೋಟೋದಲ್ಲೂ ಮುಖಕ್ಕೆ ಸರಿಯಾಗಿ ಯಾರದೋ ಮೊಣಕೈ ಅಡ್ಡ ಬಂದಿದೆ. ಅದಕ್ಕೂ ಅವನೇ ಗಾಜು ಹಾಕಿ, ಅವನೇ ಮೊಳೆ ಹೊಡೆದು ತೂಗುಹಾಕಿದ್ದ.

ಹೀಗಿರುವಾಗ ನಮ್ಮ ಸರ್ಕಾರಿ ಔಷಧಾಲಯಕ್ಕೆ ಗುರುತಿನ ಯಂತ್ರ ಬಂತು. ಅಲ್ಲಿಯವರೆಗೆ ಅಲ್ಲೊಂದು ಕಿಟಕಿ ಇತ್ತು, ಕಿಟಕಿಯ ಹಿಂದೆ ಕಾಂಪೌಂಡರ್ ಇದ್ದರು. ನಾವು ಹೋಗಿ ಕೆಮ್ಮಿದರೆ ಸಾಕು, ತಲೆ ಎತ್ತದೆಯೇ ಕೆಮ್ಮಿನ ಬಾಟಲಿ ಮುಂದಕ್ಕೆ ತಳ್ಳುತ್ತಿದ್ದರು. ಈಗ ಆ ಕಿಟಕಿಯ ಷಟರ್ ಎಳೆದು, ಬೀಗ ಜಡಿದು, ಪಕ್ಕದಲ್ಲಿ ಬೀರುವಿನಷ್ಟು ದೊಡ್ಡ ಯಂತ್ರವನ್ನು ನಿಲ್ಲಿಸಿದರು. ಅದರ ಗಾಜಿಗೆ ಮುಖ ಕೊಟ್ಟು ನಿಂತರೆ ನೀವು ಯಾರು, ನಿಮಗೇನು ಕಾಯಿಲೆ ಎಂಬುದೆಲ್ಲ ಅದಕ್ಕೇ ತಿಳಿದು ಕೆಳಗಿನ ತಟ್ಟೆಗೆ ಔಷಧಿ ಬೀಳುತ್ತದೆ ಎಂದರು. ಇಂಥ ಯಂತ್ರದ ಪಕ್ಕದಲ್ಲಿ ಅದಕ್ಕೆ ಹೊಣೆಯಾದವರ ಫೋಟೋ ಹಾಕಲೇಬೇಕೆಂದು ಮೇಲಿನಿಂದ ನಿಯಮ ಬಂದಿತ್ತು. ಜನರಿಗೆ ತೊಂದರೆಯಾದರೆ ಯಾರನ್ನು ಕೇಳಬೇಕೆಂದು ತಿಳಿಯಲಿ ಎಂಬ ಒಳ್ಳೆಯ ಉದ್ದೇಶ. ಫ್ರೇಮು ಮಾಡುವ ಕೆಲಸ ನಮ್ಮವನಿಗೆ ಬಂತು. ಅವನು ಮನೆಯಲ್ಲಿ ಕೂಡಿಟ್ಟಿದ್ದ ಒಳ್ಳೆಯ ಮರವನ್ನೇ ತೆಗೆದು, ಕೆಳಗೆ ಬಂಗಾರದ ಬಣ್ಣದಲ್ಲಿ ‘ಈ ಯಂತ್ರದ ಹೊಣೆಗಾರರು’ ಎಂದು ಬರೆಸಿ, ಉದ್ಘಾಟನೆಯ ದಿನ ಹೊತ್ತುಕೊಂಡು ಹೋದ. ನಾನು ಏಣಿ ಹಿಡಿಯಲು ಹೋಗಿದ್ದೆ.

ಫೋಟೋ ಕೊಡಿ ಸಾರ್, ಒಳಗೆ ಕೂರಿಸಿಬಿಡುತ್ತೇನೆ ಎಂದು ಅವನು ಕೇಳಿದ. ಇಲಾಖೆಯ ಸಾಹೇಬರು ಯಂತ್ರ ಮಾಡಿದ ಕಂಪನಿಯ ಮ್ಯಾನೇಜರ್ ಕಡೆ ನೋಡಿದರು. ಮ್ಯಾನೇಜರ್ ಸಾಹೇಬರ ಕಡೆ ನೋಡಿದ. ಯಂತ್ರ ಮಾಡಿದ್ದು ನೀವಲ್ಲವೇ ಎಂದು ಇವರು, ಇಟ್ಟುಕೊಂಡಿದ್ದು ನೀವಲ್ಲವೇ ಎಂದು ಅವರು, ಬಹಳ ನಯವಾಗಿ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಡತೊಡಗಿದರು. ಇಬ್ಬರೂ ಒಟ್ಟಿಗೆ ಕಾಂಪೌಂಡರ್ ಕಡೆ ತಿರುಗಿದಾಗ ಅವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದು ಹೊರಗೆ ಹೋದರು. ಆಗ ಸಾಹೇಬರ ಕಣ್ಣು ಖಾಲಿ ಫ್ರೇಮು ಹಿಡಿದು ನಿಂತಿದ್ದ ಫ್ರೇಮಣ್ಣನ ಮೇಲೆ ಬಿತ್ತು.

“ನೀವು ಸಾರ್ವಜನಿಕರು ತಾನೇ?” ಎಂದು ಕೇಳಿದರು.

ತಾನು ಸಾರ್ವಜನಿಕ ಹೌದೋ ಅಲ್ಲವೋ ಎಂದು ಫ್ರೇಮಣ್ಣ ಅದುವರೆಗೆ ಯೋಚಿಸಿರಲಿಲ್ಲ. ನನ್ನ ಮುಖ ನೋಡಿ, ಇರಬಹುದು ಸಾರ್ ಎಂದ. ಸಾರ್ವಜನಿಕರ ಯಂತ್ರಕ್ಕೆ ಸಾರ್ವಜನಿಕರೇ ಹೊಣೆಗಾರರಾದರೆ ಅದರ ಚೆಂದವೇ ಬೇರೆ ಎಂದು ಸಾಹೇಬರು ಅಂದರು, ಮ್ಯಾನೇಜರ್ ಚಪ್ಪಾಳೆ ತಟ್ಟಿದ. ನಾನೇನು ಮಾಡಬೇಕಾಗುತ್ತೆ ಎಂದು ಇವನು ಕೇಳಿದ್ದಕ್ಕೆ, “ಏನೂ ಬೇಡ. ಯಂತ್ರ ತಾನೇ ನಡೆಯುತ್ತೆ. ನೀವು ಗೋಡೆ ಮೇಲಿದ್ರೆ ಸಾಕು,” ಎಂದರು. ಗೋಡೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವನಿಗೆ ಬೇರೇನೂ ಕೇಳಿಸಲಿಲ್ಲ. ಸ್ಟುಡಿಯೋಗೆ ಓಡುವ ದಾರಿಯಲ್ಲಿ ನನ್ನ ಕೋಟನ್ನೂ ಬಿಚ್ಚಿಸಿಕೊಂಡು ಹೋದ.

ಫೋಟೋ ಬಂತು ನೋಡಿ, ಏನು ಗತ್ತು, ಏನು ಗಾಂಭೀರ್ಯ. ಆ ಮುಖದ ಮನುಷ್ಯನನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ, ಕೋಟನ್ನು ಮಾತ್ರ ಎಲ್ಲರೂ ಗುರುತು ಹಿಡಿದರು. ಮೊದಲ ವಾರವಿಡೀ ಅವನು ಯಾವುದಾದರೊಂದು ನೆಪ ಮಾಡಿಕೊಂಡು ಗಿರಾಕಿಗಳನ್ನು ಔಷಧಾಲಯದ ಮುಂದಿನಿಂದಲೇ ಕರೆದುಕೊಂಡು ಬರುತ್ತಿದ್ದ. ಅವನ ಹೆಂಡತಿ ಮಾತ್ರ ಫೋಟೋವನ್ನು ನೋಡಿ, ಮನೆಯ ನಲ್ಲಿ ಸೋರುತ್ತಿದೆಯಲ್ಲ, ಅದರ ಹೊಣೆ ಯಾರದು ಎಂದು ಕೇಳಿ ಒಳಗೆ ಹೋದಳು.

ಎರಡನೆಯ ವಾರ ಜನ ಅವನ ಮನೆಗೆ ಬರತೊಡಗಿದರು. ಮೊದಲು ಬಂದವರು ನಿವೃತ್ತ ಮೇಷ್ಟ್ರು. ಅವರು ಯಂತ್ರದ ಮುಂದೆ ನಿಂತಿದ್ದೇ ತಡ, ಅದು ಹಿಂದಿದ್ದ ಸಾಲಿಗೆಲ್ಲ ಕೇಳುವಂತೆ, ನಿಮ್ಮ ಮಲಬದ್ಧತೆಯ ಔಷಧಿ ಸಿದ್ಧವಾಗಿದೆ, ಶುಭವಾಗಲಿ ಎಂದು ಹಾರೈಸಿತ್ತು. ಸಾಲಿನಲ್ಲಿ ಅವರ ಹಳೆಯ ವಿದ್ಯಾರ್ಥಿಗಳೇ ಹೆಚ್ಚು. ಅಂದಿನಿಂದ ಅವರು ಬೀದಿಯ ಕೊನೆಯವರೆಗೂ ತಲೆ ತಗ್ಗಿಸಿ ನಡೆಯುತ್ತಿದ್ದರು. ಆಮೇಲೆ ಬೇಕರಿಯವರು ಬಂದರು. ಅವರು ಮೀಸೆ ಬೋಳಿಸಿದ ದಿನದಿಂದ ಯಂತ್ರ ಅವರನ್ನು ಅಪರಿಚಿತರೇ ದೂರ ನಿಲ್ಲಿ ಎಂದು ಕರೆಯುತ್ತಿತ್ತು. ಮೀಸೆ ಮತ್ತೆ ಬರುವವರೆಗೆ ಸಕ್ಕರೆ ಕಾಯಿಲೆಯನ್ನು ಎಲ್ಲಿ ಇಟ್ಟುಕೊಳ್ಳಲಿ ಎಂದು ಅವರು ಕೇಳಿದರು.

ಫ್ರೇಮಣ್ಣ ಎಲ್ಲರಿಗೂ ಚಹಾ ಕೊಡಿಸಿದ, ಎಲ್ಲರ ಮಾತಿಗೂ ತಲೆಯಾಡಿಸಿದ, ಸಂಬಂಧಪಟ್ಟವರ ಹತ್ತಿರ ಮಾತಾಡುತ್ತೇನೆ ಎಂದ. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, ಜನ ಎಷ್ಟು ಗೌರವ ಕೊಡ್ತಾರೆ ನೋಡು ಎಂದು ಕಣ್ಣು ಒದ್ದೆ ಮಾಡಿಕೊಂಡ.

ಅವನ ಮನೆಯಲ್ಲಿ ಅತ್ತೆ ಇದ್ದಾರೆ, ಹೆಂಡತಿಯ ತಾಯಿ. ಬಹಳ ವರ್ಷಗಳಿಂದ ಅವರಿಗೆ ತಲೆ ಮತ್ತು ಕೈ ನಡುಗುವ ಕಾಯಿಲೆ. ಮಾತ್ರೆ ನುಂಗಿದರೆ ನಡುಕ ಹತೋಟಿಯಲ್ಲಿರುತ್ತದೆ. ಅಂಗಡಿಯಲ್ಲಿ ಗಾಜು ಒರೆಸುವುದು ಅವರದೇ ಕೆಲಸ. ಅವರು ಒರೆಸಿದ ಗಾಜಿನ ಮೇಲೆ ಬೆರಳ ಗುರುತು ಹುಡುಕಿದರೂ ಸಿಗದು, ಬೇರೆ ಯಾರಾದರೂ ಮುಟ್ಟಿದರೆ ಅವರಿಗೆ ಸಿಟ್ಟು. ತಮ್ಮ ಊಟ ತಾವು ಮಾಡಿ, ತಮ್ಮ ತಲೆ ತಾವು ಬಾಚಿಕೊಂಡು, ಯಾರ ಹಂಗಿಗೂ ಬೀಳದೆ ಇದ್ದ ಹೆಂಗಸು. ಮನೆಯಲ್ಲಿದ್ದ ಮಾತ್ರೆ ಮುಗಿದ ಮರುದಿನ ಅಳಿಯನೇ ಹೆಮ್ಮೆಯಿಂದ ಅವರನ್ನು ಔಷಧಾಲಯಕ್ಕೆ ಕರೆದುಕೊಂಡು ಹೋದ. ಎಂದಿನಂತೆ ಸ್ಕೂಟರ್ ನನ್ನದು.

ಅತ್ತೆ ಗಾಜಿನ ಮುಂದೆ ನಿಂತರು. ಯಂತ್ರ, ದಯವಿಟ್ಟು ಅಲುಗಾಡಬೇಡಿ ಎಂದಿತು. ಅವರು ಉಸಿರು ಬಿಗಿಹಿಡಿದರು. ಉಸಿರು ನಿಂತಿತು, ತಲೆ ನಿಲ್ಲಲಿಲ್ಲ. ಫ್ರೇಮಣ್ಣ ಹಿಂದಿನಿಂದ ಬಂದು ಅವರ ತಲೆಯನ್ನು ಎರಡೂ ಕೈಯಿಂದ ಹಿಡಿದ. ಮುಖ ಮುಚ್ಚಿಕೊಳ್ಳಬೇಡಿ ಎಂದಿತು. ಕೈ ಸ್ವಲ್ಪ ಹಿಂದಕ್ಕೆ ಸರಿಸಿ ಇಣುಕಿ ನೋಡಿದ. ಎರಡು ಮುಖ ಕಾಣುತ್ತಿವೆ, ಒಬ್ಬೊಬ್ಬರಾಗಿ ಬನ್ನಿ ಎಂದಿತು. ಅತ್ತೆ ಅಲುಗಾಡುವ ಲಯದಲ್ಲೇ ಯಂತ್ರವನ್ನೂ ಅಲುಗಾಡಿಸಿ ನೋಡೋಣವೇ ಎಂದು ನಾನು ಕೇಳಿದೆ, ಆದರೆ ಅದನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. ಕಾಂಪೌಂಡರ್ ಹತ್ತಿರ ಬಂದು ತಮಗೆ ತೋಚಿದ್ದನ್ನು ಹೇಳಿದರು. ಒಂದು ಮಾತ್ರೆ ನುಂಗಿಸಿಕೊಂಡು ಬಂದರೆ ನಡುಕ ನಿಲ್ಲುತ್ತದೆ, ನಡುಕ ನಿಂತರೆ ಯಂತ್ರ ಗುರುತು ಹಿಡಿಯುತ್ತದೆ, ಗುರುತು ಹಿಡಿದರೆ ಮಾತ್ರೆ ಕೊಡುತ್ತದೆ. ಆ ಒಂದು ಮಾತ್ರೆ ಎಲ್ಲಿ ಸಿಗುತ್ತೆ ಎಂದು ಫ್ರೇಮಣ್ಣ ಕೇಳಿದ. ಯಂತ್ರದಲ್ಲಿ ಎಂದರು. ನಮ್ಮ ಮನೆಯಲ್ಲಿರುವ ಬೇರೆ ಯಾವುದಾದರೂ ಮಾತ್ರೆ ನುಂಗಿಸಿ ನೋಡೋಣ ಎಂದು ನಾನಂದರೆ, ಹಾಗೆಲ್ಲ ಮಾಡಿದರೆ ಆಸ್ಪತ್ರೆಗೇ ಸೇರಿಸಬೇಕಾಗುತ್ತೆ ಎಂದು ಬೈದರು.

“ನಡುಕಕ್ಕೆ ಔಷಧಿ ಕೇಳೋಕೆ ಬಂದೋಳಿಗೆ ನಡುಗಬೇಡ ಅನ್ನುತ್ತಲ್ಲಪ್ಪ ಇದು,” ಎಂದರು ಅತ್ತೆ. “ಇದಕ್ಕೆ ಹೇಳೋರು ಕೇಳೋರು ಯಾರೂ ಇಲ್ವಾ?”

ಹಾಗೆಂದು ಅವರು ಗೋಡೆಯ ಕಡೆ ನೋಡಿದರು. ನಾನೂ ನೋಡಿದೆ. ಫ್ರೇಮಣ್ಣನೂ ತನ್ನ ಫೋಟೋವನ್ನು ನೋಡಿದ. ಅದರ ಕೆಳಗೇ ನಿಂತುಕೊಂಡು, ಇದನ್ನು ಸುಮ್ಮನೆ ಬಿಡಬಾರದು, ಇದರ ಹೊಣೆಗಾರ ಯಾವನು ಅಂತ ಹುಡುಕಿ ಕೊರಳಪಟ್ಟಿ ಹಿಡಿದು ಕೇಳಲೇಬೇಕು ಎಂದ. ನಾನು ಮೆಲ್ಲಗೆ ಬೆರಳು ತೋರಿಸಿದೆ. ಅದು ಗೌರವಕ್ಕೆ ಹಾಕಿರೋದು ಕಣಯ್ಯ, ನಿಜವಾದವರು ಬೇರೆ ಇರ್ತಾರೆ ಎಂದ. ಕೊರಳಪಟ್ಟಿ ನನ್ನ ಕೋಟಿನದಾಗಿದ್ದರಿಂದ ನಾನೂ ಹೆಚ್ಚು ಒತ್ತಾಯ ಮಾಡಲಿಲ್ಲ.

ನಿಜವಾದವರನ್ನು ಹುಡುಕಿಕೊಂಡು ನಾವು ಇಲಾಖೆಯ ಕಚೇರಿಗೆ ಹೋದೆವು. ಜಗಳ ಹೇಗೆ ಶುರು ಮಾಡಬೇಕೆಂದು ಅವನು ದಾರಿಯುದ್ದಕ್ಕೂ ನನ್ನ ಬೆನ್ನ ಹಿಂದೆ ಅಭ್ಯಾಸ ಮಾಡಿದ್ದ. ಆದರೆ ಸಾಹೇಬರು ಅವನನ್ನು ಕಂಡದ್ದೇ ಕುರ್ಚಿ ಬಿಟ್ಟು ಎದ್ದರು. ಪಕ್ಕದ ಕೋಣೆಗಳಿಂದ ಎಲ್ಲರನ್ನೂ ಕರೆದು, ಬನ್ನಿ, ನಮ್ಮ ಹೊಣೆಗಾರರು ಬಂದಿದ್ದಾರೆ ಎಂದು ತೋರಿಸಿದರು. ಗುಮಾಸ್ತರು ಒಬ್ಬೊಬ್ಬರಾಗಿ ಬಂದು, ಬಹಳ ದಿನದ ಭಾರ ಇಳಿದವರಂತೆ ಅವನ ಕೈ ಕುಲುಕಿ ಹೋದರು. ಅವನು ಅತ್ತೆಯ ವಿಷಯ ಶುರು ಮಾಡುವ ಮೊದಲೇ ಸಾಹೇಬರ ಧ್ವನಿ ಗಡುಸಾಯಿತು. ಜನ ತುಂಬಾ ದೂರು ಹೇಳುತ್ತಿದ್ದಾರೆ, ಮೇಷ್ಟ್ರ ಮಾನ ಹೋಗಿದೆಯಂತೆ, ಏನ್ರೀ ನಿಮ್ಮ ಯಂತ್ರ ಎಂದು ತರಾಟೆಗೆ ತೆಗೆದುಕೊಂಡರು. ಫ್ರೇಮಣ್ಣ ಎದ್ದು ನಿಂತು, ತಪ್ಪಾಯ್ತು ಸಾರ್, ಇನ್ನೊಂದು ಸಲ ಹೀಗಾಗಲ್ಲ ಎಂದು ಕೈಮುಗಿದ. ಯಂತ್ರದ ಒಳಗಿನ ವಿಷಯವಾದರೆ ಕಂಪನಿಯನ್ನು ಕೇಳಿ ಎಂದು ಅವರು ನಮ್ಮನ್ನು ಬಾಗಿಲವರೆಗೆ ಬೀಳ್ಕೊಟ್ಟರು. ಮೆಟ್ಟಿಲು ಇಳಿಯುವಾಗ ಅವನು ನಿಂತು, ನಾನು ಯಾಕೆ ಕ್ಷಮೆ ಕೇಳಿದೆ ಎಂದು ನನ್ನನ್ನು ಕೇಳಿದ. ನಾನು ಇಳಿದು ಹೋಗಿ ಸ್ಕೂಟರನ್ನು ಕಂಪನಿಯ ಕಡೆ ತಿರುಗಿಸಿದೆ.

ಕಂಪನಿಯ ಕಚೇರಿ ಎಲ್ಲಿ ನೋಡಿದರೂ ಗಾಜು. ಫ್ರೇಮಣ್ಣ ಒಂದೊಂದನ್ನೂ ಬೆರಳಿನಿಂದ ತಟ್ಟಿ ದಪ್ಪ ನೋಡುತ್ತ ಒಳಗೆ ಹೋದ. ಮ್ಯಾನೇಜರ್ ಬಹಳ ತಾಳ್ಮೆಯವನು. ಯಂತ್ರದಲ್ಲಿ ಒಂದಿಷ್ಟೂ ದೋಷವಿಲ್ಲ, ಪರೀಕ್ಷೆಯಲ್ಲಿ ಅದು ಎಲ್ಲರನ್ನೂ ಗುರುತು ಹಿಡಿದಿದೆ ಎಂದು ವಿವರಿಸಿದ. ಯಾರನ್ನು ನಿಲ್ಲಿಸಿ ಪರೀಕ್ಷೆ ಮಾಡಿದಿರಿ ಎಂದು ನಾನು ಕೇಳಿದೆ. ನಮ್ಮ ಆಫೀಸಿನವರನ್ನೇ ಎಂದ. ಕೋಣೆಯ ತುಂಬ ನೆಟ್ಟಗೆ ಕೂತಿದ್ದ ಹುಡುಗ ಹುಡುಗಿಯರನ್ನು ನೋಡಿದೆ. ಒಬ್ಬರ ತಲೆಯೂ ಅಲುಗಾಡುತ್ತಿರಲಿಲ್ಲ. ಔಷಧಿ ತಗೊಳ್ಳೋಕೆ ಕಾಯಿಲೆಯವರು ಬರ್ತಾರೆ ಅಂತ ನಿಮಗೆ ಯಾರೂ ಹೇಳಲಿಲ್ಲವೇ ಎಂದದ್ದಕ್ಕೆ, ಇಲಾಖೆ ಕೊಟ್ಟ ವಿವರದಲ್ಲಿ ಅಂಥ ಮಾತು ಇರಲಿಲ್ಲ ಎಂದ. ಆದರೂ ನಿಮ್ಮ ದೂರನ್ನು ದಾಖಲಿಸುತ್ತೇನೆ, ಅದು ಮಧ್ಯೆ ಎಲ್ಲೂ ನಿಲ್ಲದೆ ನೇರವಾಗಿ ಹೊಣೆಗಾರರಿಗೇ ತಲುಪುತ್ತದೆ ಎಂದು ಭರವಸೆ ಕೊಟ್ಟು ಗುಂಡಿ ಒತ್ತಿದ.

ಫ್ರೇಮಣ್ಣನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ತೆಗೆದು ನೋಡಿದ. ನಿಮಗೆ ಒಂದು ದೂರು ಬಂದಿದೆ, ಕೂಡಲೇ ಪರಿಹರಿಸಿ ಎಂದಿತ್ತು. ಅವನು ಕೆಳಗಿನ ವಿವರವನ್ನೂ ಓದಿ, ಮರುಕದಿಂದ ತಲೆಯಾಡಿಸಿ, ಫೋನನ್ನು ನನಗೆ ಕೊಟ್ಟ.

“ನೋಡಯ್ಯ, ಪಾಪ,” ಎಂದ. “ನಮ್ಮ ಹಾಗೇ ಇನ್ಯಾರದೋ ಅತ್ತೆಗೂ ತೊಂದರೆ ಆಗಿದೆ.”

ನಾನು ಅವನನ್ನು ಹೊರಗೆ ಕರೆದುಕೊಂಡು ಬಂದು, ಸ್ಕೂಟರ್ ಮೇಲೆ ಕೂರಿಸಿ, ಸಾವಕಾಶವಾಗಿ ಬಿಡಿಸಿ ಹೇಳಿದೆ. ದೂರು ಕೊಟ್ಟವನು ನೀನು, ದೂರು ಬಂದದ್ದು ನಿನಗೆ, ನೀನು ಹುಡುಕುತ್ತಿರುವವನೂ ನೀನೇ. ಅವನು ಮೂರಕ್ಕೂ ಹೂಂ ಅಂದ. ಆಮೇಲೆ, ಹಾಗಾದರೆ ನಾನು ಯಾರನ್ನು ಕೇಳಬೇಕು ಎಂದ.

ಅಷ್ಟರಲ್ಲಿ ಮನೆಯಲ್ಲಿ ಮಾತ್ರೆ ಮುಗಿದು ದಿನಗಳಾಗಿದ್ದವು. ಹೊರಗಿನ ಅಂಗಡಿಗಳಲ್ಲಿ ವಿಚಾರಿಸಿದರೆ, ಅದು ಸರ್ಕಾರಿ ಔಷಧಾಲಯದಲ್ಲಿ ಮಾತ್ರ ಸಿಗುವಂಥದು ಎಂದರು. ಒಂದು ಮಧ್ಯಾಹ್ನ ಪಕ್ಕದಿಂದ ಗಾಜು ಒಡೆದ ಸದ್ದು ಕೇಳಿ ನಾನು ಓಡಿದೆ. ಅತ್ತೆ ಒರೆಸುತ್ತಿದ್ದ ಗಾಜು ಕೈಜಾರಿ ಚೂರುಚೂರಾಗಿತ್ತು. ಅಷ್ಟು ವರ್ಷದಲ್ಲಿ ಅವರ ಕೈಯಲ್ಲಿ ಒಂದು ಗಾಜೂ ಒಡೆದಿರಲಿಲ್ಲ. ಅವರು ಒರೆಸುವ ಬಟ್ಟೆಯನ್ನು ಮಡಚಿ ಮೇಜಿನ ಮೇಲಿಟ್ಟು, ಗೋಡೆ ಹಿಡಿದುಕೊಂಡು ಮನೆಯೊಳಗೆ ಹೋದರು. ಫ್ರೇಮಣ್ಣನ ಹೆಂಡತಿ ಚೂರು ಗುಡಿಸುತ್ತ ತಲೆ ಎತ್ತದೆ ಹೇಳಿದಳು:

“ಅಮ್ಮನಿಗೆ ಈಗ ನಾನೇ ತುತ್ತು ಕೊಡಬೇಕು. ಅವಳಿಗೆ ಅದು ಎಷ್ಟು ಸಂಕಟ ಅಂತ ಗೊತ್ತಾ ನಿಮಗೆ? ಗೋಡೆ ಇಳಿದು ಏನಾದ್ರೂ ಮಾಡ್ರೀ.”

ಅವನು ಆ ರಾಶಿ ಚೂರುಗಳನ್ನೇ ನೋಡುತ್ತ ನಿಂತ. ಜೇಬಿನಲ್ಲಿ ಫೋನು ಮತ್ತೆ ಗುಂಯ್‌ಗುಟ್ಟಿತು. ಪರಿಹರಿಸಿ ಎಂದು ನೆನಪಿಸುತ್ತಿತ್ತು.

ಅದೇ ವಾರ ಇಲಾಖೆಯ ಸಾಹೇಬರೂ ಮ್ಯಾನೇಜರೂ ಔಷಧಾಲಯಕ್ಕೆ ಒಟ್ಟಿಗೆ ಬರುತ್ತಾರೆಂಬ ಸುದ್ದಿ ಬಂತು. ಯಂತ್ರ ಸುರಕ್ಷಿತವಾಗಿದೆ, ಎಲ್ಲರನ್ನೂ ಒಳಗೊಂಡಿದೆ ಎಂದು ಒಪ್ಪಿಗೆ ಪಡೆದುಹೋಗುವ ಕಾರ್ಯಕ್ರಮ. ಒಪ್ಪಿಗೆ ಕೊಡಬೇಕಾದವನು ಹೊಣೆಗಾರ. ಬೀದಿಗೆ ಬೀದಿಯೇ ಅಲ್ಲಿ ಸೇರಿತ್ತು. ಮೇಷ್ಟ್ರು ಮುಖಕ್ಕೆ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಬೇಕರಿಯವರ ಮೀಸೆ ಆಗತಾನೇ ಚಿಗುರುತ್ತಿತ್ತು. ಫ್ರೇಮಣ್ಣ ಅತ್ತೆಯನ್ನು ಕರೆದುಕೊಂಡು ಬಂದ. ಹೆಂಡತಿ ಒಂದು ಕಡೆ ಹಿಡಿದುಕೊಂಡಿದ್ದಳು.

ಸಾಹೇಬರು ಎಲ್ಲರ ಮುಂದೆ ಅವನ ಹೆಗಲ ಮೇಲೆ ಕೈಯಿಟ್ಟು, ಯಂತ್ರದಿಂದ ಎಲ್ಲರಿಗೂ ಅನುಕೂಲವಾಗಿದೆ ಎನ್ನಿ, ನಾವು ಹೊರಡುತ್ತೇವೆ ಎಂದರು. ನಮ್ಮವನಿಗೆ ಹುಟ್ಟಿದಾಗಿನಿಂದ ಯಾರು ಏನು ಕೇಳಿದರೂ ಹೂಂ ಅಂದೇ ಅಭ್ಯಾಸ. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಅತ್ತೆ ಮಗಳ ಕೈ ಬಿಡಿಸಿಕೊಂಡು, ಇದೊಂದು ಸಲ ನೋಡೋಣ ಎಂದು ತಾವೇ ಯಂತ್ರದ ಮುಂದೆ ಹೋಗಿ ನಿಂತರು. ಅಲುಗಾಡಬೇಡಿ ಎಂದಿತು. ಅವರು ತಮ್ಮ ಗದ್ದವನ್ನು ತಮ್ಮ ಕೈಯಿಂದಲೇ ಹಿಡಿದುಕೊಂಡರು. ಆ ಕೈಯೂ ನಡುಗುತ್ತಿತ್ತು. ತಲೆ ನಿಲ್ಲಿಸಲು ಹೋದ ಕೈ ತಲೆಯನ್ನೇ ಇನ್ನಷ್ಟು ಅಲ್ಲಾಡಿಸಿತು. ಸಾಲಿನಲ್ಲಿದ್ದವರು ಬೇರೆ ಕಡೆ ನೋಡಿದರು.

ಫ್ರೇಮಣ್ಣನ ತೆರೆದ ಬಾಯಿಯಿಂದ ಹೂಂ ಬರಲಿಲ್ಲ. ಅವನು ಸಾಹೇಬರ ಕಡೆ ತಿರುಗಿದ. ಮುಖದಲ್ಲಿ ಸಿಟ್ಟು ಇರಲಿಲ್ಲ, ದಾರಿ ತಪ್ಪಿದವನು ವಿಳಾಸ ಕೇಳುವಂತೆ ಕೇಳಿದ.

“ಸಾರ್, ಇದಕ್ಕೆ ಹೊಣೆ ನಿಜವಾಗ್ಲೂ ನಾನೇನಾ?”

“ನೀವೇ,” ಎಂದರು ಸಾಹೇಬರೂ ಮ್ಯಾನೇಜರೂ. ಅವರಿಬ್ಬರೂ ಒಂದೇ ಮಾತು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಬೇರೆ ಯಾರೂ ಅಲ್ವಾ?”

“ಖಂಡಿತ ಅಲ್ಲ.”

“ಹಾಗಾದ್ರೆ ಆ ಕಿಟಕಿ ತೆಗೀರಿ.”

ಹಾಗೆಲ್ಲ ತೆಗೆಯಲು ಬರುವುದಿಲ್ಲ ಎಂದು ಸಾಹೇಬರು ತೊದಲಿದರು. ಆಗ ಮೂಲೆಯಲ್ಲಿದ್ದ ಕಾಂಪೌಂಡರ್ ಗಂಟಲು ಸರಿಮಾಡಿಕೊಂಡು, ಬರುತ್ತೆ ಸಾರ್ ಎಂದರು. ಯಂತ್ರ ತೊಂದರೆ ಕೊಟ್ಟರೆ ಹೊಣೆಗಾರರು ಬಾಯಿಮಾತಿನಲ್ಲಿ ಹೇಳಿದರೂ ಸಾಕು, ಕಿಟಕಿಯಲ್ಲಿ ಔಷಧಿ ಕೊಡಬಹುದು ಎಂದು ನಿಯಮದಲ್ಲೇ ಇದೆಯಂತೆ. ಯಂತ್ರ ಬಂದ ದಿನವೇ ಅದನ್ನು ಕಾಂಪೌಂಡರ್‌ಗೆ ಓದಿ ಹೇಳಿದ್ದರಂತೆ.

“ಇವರು ಯಾವಾಗ ಹೇಳ್ತಾರೋ ಅಂತ ನಾನು ಆವತ್ತಿಂದ ಕಾಯ್ತಾನೇ ಇದ್ದೀನಿ,” ಎಂದರು.

ಮೊದಲೇ ಒಂದು ಮಾತು ಹೇಳಬಾರದಿತ್ತೇ ಎಂದು ಫ್ರೇಮಣ್ಣ ಕೇಳಿದ. ಕಾಂಪೌಂಡರ್ ಫೋಟೋದ ಕಡೆ ನೋಡಿ, “ಗೋಡೆ ಮೇಲಿರೋರಿಗೆ ನಾನು ಹೇಗೆ ಸಾರ್ ಹೇಳೋದು?” ಎಂದರು. ನಮ್ಮವನು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತ. ಇಲಾಖೆಗೆ ಹೋಗಿ ಕೈಮುಗಿದಿದ್ದು, ಕಂಪನಿಯ ಗಾಜು ತಟ್ಟಿದ್ದು, ಅಂಗಡಿಯಲ್ಲಿ ಒಡೆದ ಗಾಜು, ಎಲ್ಲ ಅವನ ಮುಖದ ಮೇಲೆ ಒಂದೊಂದಾಗಿ ಹಾದುಹೋದವು. ಅವನು ಬಾಯಿ ಬಿಟ್ಟು ಈ ಒಂದು ಮಾತು ಅಂದಿದ್ದರೆ ಮೊದಲ ದಿನವೇ ಮುಗಿಯುತ್ತಿತ್ತು.

ಷಟರಿನ ಬೀಗದ ಕೈ ಇಲಾಖೆಯಲ್ಲಿದೆ ಎಂದು ಸಾಹೇಬರು ಕೊನೆಯ ಪ್ರಯತ್ನ ಮಾಡಿದರು. ನನ್ನ ಸಾಮಾನಿನ ಚೀಲ ಸ್ಕೂಟರ್‌ನಲ್ಲೇ ಇತ್ತು. ಹೊಣೆಗಾರರ ಅಪ್ಪಣೆ ಎಂದು ಹೇಳಿ ಬೀಗ ತೆಗೆದೆ. ಇಷ್ಟು ಸಲೀಸಾಗಿ ತೆರೆದುಕೊಂಡ ಸರ್ಕಾರಿ ಬೀಗ ಇನ್ನೊಂದಿಲ್ಲ. ಕಾಂಪೌಂಡರ್ ಒಳಗೆ ಹೋಗಿ, ತಲೆ ಎತ್ತದೆ, ಏನೂ ಕೇಳದೆ, ಅತ್ತೆಯ ಮಾತ್ರೆಯನ್ನು ಮುಂದಕ್ಕೆ ತಳ್ಳಿದರು. ಮೇಷ್ಟ್ರಿಗೂ ಅವರ ಔಷಧಿಯನ್ನು ಕಾಗದದಲ್ಲಿ ಸುತ್ತಿ, ಒಂದು ಮಾತೂ ಆಡದೆ ಕೊಟ್ಟರು. ಮೇಷ್ಟ್ರು ಮಫ್ಲರ್ ಬಿಚ್ಚಿದರು.

ಮರುವಾರ ಫ್ರೇಮಣ್ಣನಿಗೆ ಇಲಾಖೆಯಿಂದ ಫೋನು ಬಂತು. ಹೊಣೆಗಾರರು ಹೊಣೆ ಹೊತ್ತುಕೊಂಡಿದ್ದರಿಂದ ಇಲಾಖೆಗೆ ಮುಜುಗರವಾಗಿದೆ, ನಿಮ್ಮನ್ನು ಗೋಡೆಯಿಂದ ಇಳಿಸಲಾಗಿದೆ ಎಂದರು. ಹೊಸಬರು ಬಂದು ಕಿಟಕಿ ಮುಚ್ಚಿ ಎನ್ನುವವರೆಗೆ ಅದು ತೆರೆದೇ ಇರುತ್ತದಂತೆ. ಆದ್ದರಿಂದ ಹೊಸಬರು ಬೇಗ ಬೇಕು. ಆದರೆ ಸಾಹೇಬರು ಯಾರ ಮುಂದೆ ಫ್ರೇಮು ಹಿಡಿದರೂ ಅವರಿಗೆ ಕೆಮ್ಮು ಬರುತ್ತಿತ್ತು. ಕಿಟಕಿಗೆ ಬಂದ ಗಿರಾಕಿಗಳೆಲ್ಲ ನಿಜವಾಗಲೂ ಕೆಮ್ಮುತ್ತಿದ್ದುದರಿಂದ ಯಾರು ತಪ್ಪಿಸಿಕೊಳ್ಳುತ್ತಿದ್ದಾರೆ, ಯಾರಿಗೆ ಔಷಧಿ ಬೇಕು ಎಂದು ಕಾಂಪೌಂಡರ್‌ಗೇ ಗೊಂದಲವಾಯಿತು.

ಅತ್ತೆ ಅಷ್ಟು ಹೊತ್ತಿಗೆ ಮತ್ತೆ ಗಾಜು ಒರೆಸತೊಡಗಿದ್ದರು. ಖಾಲಿ ಫ್ರೇಮನ್ನು ಅಳಿಯ ಅಂಗಡಿಗೆ ತಂದು ಒರಗಿಸಿದ್ದನ್ನು ನೋಡಿ, “ನಂದು ಹಾಕಿ,” ಎಂದರು. ಹಾಕುವುದು ಯಾರದಾದರೂ ಸರಿ, ತಮ್ಮದಾಗದಿದ್ದರೆ ಸಾಕೆಂದು ಇಲಾಖೆ ಒಪ್ಪಿಬಿಟ್ಟಿತು. ಈ ಸಲ ನನ್ನ ಕೋಟನ್ನು ಯಾರೂ ಕೇಳಲಿಲ್ಲ. ಸ್ಟುಡಿಯೋದವನು ಬಹಳ ಹೊತ್ತು ಕಾದು, ತಲೆ ನಿಂತಂತೆ ಕಂಡ ಕ್ಷಣಕ್ಕೆ ಸರಿಯಾಗಿ ಒಂದು ಚೆಂದದ ಫೋಟೋ ತೆಗೆದ. ಅತ್ತೆ ಅದನ್ನು ಪಕ್ಕಕ್ಕಿಟ್ಟು, ಕೆಟ್ಟುಹೋಗಿದೆಯೆಂದು ಅವನು ಎಸೆಯಲಿದ್ದ ಇನ್ನೊಂದನ್ನು ಆರಿಸಿದರು. ಫ್ರೇಮಣ್ಣ ಅದಕ್ಕೆ ಅಂಗಡಿಯ ಒಳ್ಳೆಯ ಗಾಜು ಹಾಕಿದ. ಒರೆಸಿದವರು ಅವರೇ.

ಮುಂದಿನ ತಪಾಸಣೆಗೆ ಸಾಹೇಬರು ಬಂದಾಗ ಕಿಟಕಿ ತೆರೆದಿತ್ತು, ಯಂತ್ರದ ಮುಂದೆ ಮೀಸೆ ಪೂರ್ತಿ ಬಂದ ಬೇಕರಿಯವರು ಮಾತ್ರ ನಿಂತಿದ್ದರು. ಸಾಹೇಬರು ಗೋಡೆಯ ಮೇಲಿನ ಫೋಟೋದ ಹತ್ತಿರ ಹೋದರು. ಕನ್ನಡಕ ತೆಗೆದರು, ಹಾಕಿದರು. ಮುಖ ಸರಿಯಾಗಿ ಕಾಣಲೆಂದು ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿದರು. ಪಕ್ಕದಲ್ಲಿದ್ದ ಯಂತ್ರ, ದಯವಿಟ್ಟು ಅಲುಗಾಡಬೇಡಿ ಎಂದಿತು.

“ಏನ್ರೀ ಇದು, ಫೋಟೋ ಅಲುಗಾಡಿದೆಯಲ್ಲ?” ಎಂದು ಕೇಳಿದರು.

ಕಾಂಪೌಂಡರ್ ಅಂದು ಮೊದಲ ಬಾರಿಗೆ ಕಿಟಕಿಯಿಂದ ತಲೆ ಎತ್ತಿ ನೋಡಿದರು.

“ಫೋಟೋ ಸರಿಯಾಗೇ ಇದೆ ಸಾರ್,” ಎಂದರು. “ಅವರು ಇರೋದೇ ಹಾಗೆ.”